ಹಾಂಗ್‌ಕಾಂಗ್ ಹುಡುಗಿಗೆ ಬೀದರಿನ ಮಾತು

ಪರದೆಯ ಮೇಲಿನ ಹುಡುಗಿ ನಾಲ್ಕೇ ಅಕ್ಷರದಲ್ಲಿ ತನ್ನ ಪ್ರೀತಿ ಹೇಳಿ ಬಾಯಿ ಮುಚ್ಚಿಬಿಡುತ್ತಿದ್ದಳು. ನಾನು ಬರೆದುಕೊಂಡು ಹೋಗಿದ್ದ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಮುಗಿಯುವಷ್ಟರಲ್ಲಿ ಅವಳು ಚಮಚ ಕೆಳಗಿಟ್ಟು, ಲೋಟ ಎತ್ತಿ, ಕಿಟಕಿಯ ಕಡೆ ಮುಖ ತಿರುಗಿಸಿರುತ್ತಿದ್ದಳು.

“ಅಕ್ಕಾ, ಆಕಿ ಬಾಯಿ ಬಂದ್ ಆಯ್ತು, ನಿಮ್ಮ ಮಾತು ಇನ್ನಾ ಚಾಲೂ ಅದ,” ಎಂದರು ಸ್ಟುಡಿಯೋ ನಡೆಸುವ ಭಾಯಿ, ಗಾಜಿನ ಆಚೆಯಿಂದ.

ಅದು ಕ್ಯಾಂಟನೀಸ್ ಭಾಷೆಯ ಸಿನಿಮಾ. ಹಾಂಗ್‌ಕಾಂಗಿನ ಎತ್ತರದ ಕಟ್ಟಡವೊಂದರ ಪುಟ್ಟ ಮನೆಯಲ್ಲಿ ಮೂವರು ಸ್ನೇಹಿತರು ಒಟ್ಟಿಗೆ ಬಾಡಿಗೆಗಿರುತ್ತಾರೆ. ಒಬ್ಬಳು ಫ್ಲ್ಯಾಟ್ ಮಾರಿಸುವ ಏಜೆಂಟ್, ಇನ್ನೊಬ್ಬಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ, ಮೂರನೆಯವನು ಮಿನಿಬಸ್ ಡ್ರೈವರ್. ಮೂವರಿಗೂ ಪ್ರೀತಿ ಬೇಕು, ಮೂವರೂ ಅದನ್ನು ತಪ್ಪು ಜಾಗದಲ್ಲೇ ಹುಡುಕುತ್ತಾರೆ. ಏಜೆಂಟ್ ಹುಡುಗಿಗೆ ಕಡೆಗೆ ತಮ್ಮ ಕಟ್ಟಡದ ಲಿಫ್ಟ್ ರಿಪೇರಿಗೆ ಬರುವ ಮೆಕ್ಯಾನಿಕ್ ಮೇಲೆ ಮನಸ್ಸಾಗುತ್ತದೆ. ಅದನ್ನವಳು ಹೇಳುವುದು ಜನ ಕಿಕ್ಕಿರಿದ ಒಂದು ಹೋಟೆಲಿನಲ್ಲಿ. ಜಾಗವಿಲ್ಲದೆ ಇಬ್ಬರು ಅಪರಿಚಿತರ ಜತೆ ಒಂದೇ ಮೇಜಿಗೆ ಕೂತು, ಅವರು ಊಟ ಮಾಡುತ್ತಿರುವಾಗಲೇ ಹೇಳಿಬಿಡುತ್ತಾಳೆ. ಇಡೀ ಚಿತ್ರ ನಿಂತಿರುವುದು ಆ ನಾಲ್ಕು ಅಕ್ಷರಗಳ ಮೇಲೆ.

ಕೆಲಸ ಕೊಟ್ಟದ್ದು ಬೆಂಗಳೂರಿನ ಒಂದು ಡಬ್ಬಿಂಗ್ ಕಂಪನಿ. ಅವರ ತಂಡಗಳೆಲ್ಲ ಬೇರೆ ಕೆಲಸದಲ್ಲಿದ್ದವು. ಹಿಂದೆ ನಾವು ಮಾಡಿಕೊಟ್ಟಿದ್ದ ಸಣ್ಣ ಸಾಕ್ಷ್ಯಚಿತ್ರವೊಂದರ ಧ್ವನಿ ಅವರಿಗೆ ಹಿಡಿಸಿತ್ತು. ಮೊಬೈಲ್ ಆ್ಯಪಿನಲ್ಲಿ ಕನ್ನಡದಲ್ಲಿ ಬಿಡುಗಡೆಯಾಗಬೇಕಾದ ಚಿತ್ರ. ಮೊದಲು ಹೋಟೆಲಿನ ದೃಶ್ಯವೂ ಸೇರಿದಂತೆ ಸ್ವಲ್ಪ ಭಾಗ ಮಾದರಿಗೆ ಮಾಡಿ ಕಳಿಸಬೇಕು, ಒಪ್ಪಿದರೆ ಪೂರ್ತಿ ನಮ್ಮದು, ಇಲ್ಲದಿದ್ದರೆ ವಾಪಸ್ ಎಂಬ ಕರಾರು. ಮದುವೆಯ ಹಾಡು, ಭಜನೆ, ಚುನಾವಣೆಯ ಪ್ರಚಾರದ ಧ್ವನಿಗಳನ್ನೇ ಹೆಚ್ಚಾಗಿ ಕಂಡಿದ್ದ, ಬೀದರಿನ ಚೌಬಾರಾ ಗೋಪುರದ ಹತ್ತಿರದ ಆ ಮೇಲ್ಮಹಡಿಯ ಕೋಣೆಗೆ ಒಂದು ಇಡೀ ಸಿನಿಮಾ ಬಂದದ್ದು ಅದೇ ಮೊದಲು. ಭಾಯಿ ಹೊಸ ಕಂಬಳಿಗಳನ್ನು ತಂದು ಗೋಡೆಗೆ ಹೊಡೆಸಿದ್ದರು.

ಇಂಗ್ಲಿಷ್ ಹಾಳೆಗಳಿಂದ ಅನುವಾದ, ಸಂಭಾಷಣೆ, ಧ್ವನಿ ನಿರ್ದೇಶನ ನನ್ನ ಪಾಲಿಗೆ. ಏಜೆಂಟ್ ಹುಡುಗಿಯ ಧ್ವನಿಗೆ ಭಾಲ್ಕಿಯ ಒಬ್ಬ ಶಾಲಾ ಶಿಕ್ಷಕಿಯನ್ನು ಒಪ್ಪಿಸಿದೆ. ಸ್ವಾತಂತ್ರ್ಯ ದಿನಾಚರಣೆಗೆ ಅವರು ನಿರೂಪಣೆ ಮಾಡಿದ್ದನ್ನು ಕೇಳಿ ಮರೆತಿರಲಿಲ್ಲ. ಮೆಕ್ಯಾನಿಕ್‌ಗೆ ಔರಾದದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವವರು. ವಾಲಿಬಾಲ್ ಪಂದ್ಯಗಳಿಗೆ ಮೈಕ್ ಹಿಡಿದು ವಿವರಣೆ ಹೇಳುವ ಖ್ಯಾತಿ ಅವರದು. ಮಿನಿಬಸ್ ಡ್ರೈವರನೂ ಹೋಟೆಲಿನ ಮೇಜಿನ ಆಚೆ ಕೂತ ಅಪರಿಚಿತ ಮುದುಕನೂ ಭಾಯಿಯವರ ಪಾಲು. ಹಲ್ಲಿನ ಡಾಕ್ಟರ ಸಹಾಯಕಿ ನಾನೇ.

ದಿನದ ವೇಳಾಪಟ್ಟಿಯನ್ನು ನಾವು ಮಾಡುತ್ತಿರಲಿಲ್ಲ. ಔರಾದದ ಬಸ್ಸೂ ವಾಯುಪಡೆಯ ತರಬೇತಿ ವಿಮಾನಗಳೂ ಮಾಡುತ್ತಿದ್ದವು. ಬೆಳಿಗ್ಗೆ ವಿಮಾನಗಳು ಸುತ್ತು ಹೊಡೆಯಲು ಶುರುವಾದರೆ ಕಂಬಳಿಗಳೂ ಕೈಚೆಲ್ಲುತ್ತಿದ್ದವು. ಭಾಯಿ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕಿಕೊಂಡು, “ಬಂದ್ರು ನೋಡ್ರಿ ನಮ್ಮ ಸಾಹೇಬ್ರು,” ಅನ್ನುತ್ತಿದ್ದರು. ವಿಮಾನಗಳು ಇಳಿದ ಮೇಲೆ ನಮ್ಮ ಕೆಲಸ. ಆ ಹೊತ್ತಿಗೆ ಅಂಗಡಿಯವರು ಬಸ್ ಇಳಿದು, ಬೆವರು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬರುತ್ತಿದ್ದರು.

ಡಬ್ಬಿಂಗ್ ಎಂದರೆ ಅನುವಾದವಷ್ಟೇ ಎಂದುಕೊಂಡಿದ್ದವಳಿಗೆ ಮೊದಲ ವಾರವೇ ಪಾಠವಾಯಿತು. ದೃಶ್ಯವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದನ್ನೂ ಮತ್ತೆ ಮತ್ತೆ ಓಡಿಸುತ್ತೇವೆ. ಕಿವಿಯಲ್ಲಿ ಮೂರು ಬೀಪ್ ಬರುತ್ತದೆ. ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಮಾತು ಶುರುವಾಗಬೇಕು. ಮುಖ ದೂರವಿದ್ದರೆ ಹೇಗೋ ನಡೆಯುತ್ತದೆ. ಹತ್ತಿರ ಬಂದಾಗ ತುಟಿಗಳು ಸುಳ್ಳು ಹೇಳುವುದಿಲ್ಲ. ಪ, ಬ, ಮ ಬಂದರೆ ತುಟಿ ಕೂಡಲೇಬೇಕು. ತೆರೆಯ ಮೇಲಿನ ಬಾಯಿ ತೆರೆದಿರುವಾಗ ನಾವು ‘ಪ್ರೀತಿ’ ಎಂದರೆ ನೋಡುವವನ ಕಣ್ಣಿಗೆ ಏನೋ ಚುಚ್ಚುತ್ತದೆ. ಏನೆಂದು ಅವನಿಗೆ ಗೊತ್ತಾಗದಿರಬಹುದು, ಆದರೆ ಮನಸ್ಸು ಕಥೆಯಿಂದ ಹೊರಗೆ ಬಂದುಬಿಡುತ್ತದೆ.

ಕ್ಯಾಂಟನೀಸ್ ಮಾತು ತುಂಡು ತುಂಡು. ನಮ್ಮ ಪುಸ್ತಕದ ಕನ್ನಡ ಉದ್ದುದ್ದ. ನಾನು ವಾಕ್ಯಗಳನ್ನು ಕತ್ತರಿಸಿ ಕತ್ತರಿಸಿ, ವ್ಯಾಕರಣ ತಪ್ಪದ ಹಾಗೆ ಹೊಂದಿಸಿ ಮೊದಲ ಮಾದರಿ ಕಳಿಸಿದೆ. ಬೆಂಗಳೂರಿನಿಂದ ಕಂಪನಿಯ ಸಂಯೋಜಕಿ ಫೋನ್ ಮಾಡಿದರು. “ಮೇಡಂ, ತಪ್ಪು ತಿಳ್ಕೋಬೇಡಿ. ವಾರ್ತೆ ಓದ್ತಿರೋ ಹಾಗಿದೆ. ಫ್ರೆಂಡ್ಸ್ ಅಲ್ವಾ ಅವ್ರು? ಸ್ವಲ್ಪ ನಮ್ಮ ಬೆಂಗಳೂರು ಹುಡುಗ್ರ ಥರ ಮಾತಾಡಿಸಿ.”

ಸರಿ, ಹಾಗೇ ಬರೆದೆ. ‘ಮಚ್ಚಾ’, ‘ಗುರು’, ‘ಸಕತ್ತಾಗಿದೆ’ ಎಲ್ಲ ಬಂತು. ಹಾಳೆಯ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಮೈಕಿನ ಮುಂದೆ ನಿಂತಾಗ ಔರಾದದ ಅಂಗಡಿಯವರು ಪ್ರತಿ ಸಾಲಿಗೂ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳತೊಡಗಿದರು. ಪಂದ್ಯದ ಮೈದಾನದಲ್ಲಿ ಉಸಿರು ಬಿಡದೆ ಮಾತಾಡುವ ಮನುಷ್ಯ, ಇಲ್ಲಿ ಒಂದೊಂದು ಶಬ್ದವನ್ನೂ ಬಿಸಿ ಬಟ್ಟಲಿನಂತೆ ಹಿಡಿಯುತ್ತಿದ್ದರು. ಮಧ್ಯಾಹ್ನ ಹೆಡ್‌ಫೋನ್ ಇಳಿಸಿ ನನ್ನ ಕಡೆ ತಿರುಗಿ, “ಅಕ್ಕಾ, ಬ್ಯಾಸರ ಆಗಬ್ಯಾಡ್ರಿ. ಇದು ನನ್ನ ಬಾಯಿ ಅಲ್ರಿ,” ಎಂದರು.

ಎರಡನೆಯ ಮಾದರಿಯೂ ವಾಪಸ್ ಬಂತು. ಈ ಸಲ ಸಂಯೋಜಕಿಯ ದನಿ ಮೆತ್ತಗಿತ್ತು. ಅದೇ ನನ್ನನ್ನು ಹೆದರಿಸಿದ್ದು. ಇನ್ನೊಂದೇ ಅವಕಾಶ ಇದೆ, ಆಮೇಲೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು.

ಆ ಸಂಜೆ ನಾನು ಚಿತ್ರವನ್ನು ಮೂಲದ ಧ್ವನಿಯಲ್ಲೇ ಮತ್ತೆ ಹಾಕಿ, ಪರದೆಯನ್ನು ಮುಚ್ಚಿ, ಬರೀ ಕೇಳಿದೆ. ನಮಗೆ ಕೊಟ್ಟಿದ್ದ ಇಂಗ್ಲಿಷ್ ಹಾಳೆಗಳಲ್ಲಿ ಇಲ್ಲದ ಒಂದು ಸಂಗತಿ ಕಿವಿಗೆ ಬೀಳತೊಡಗಿತು. ಹೆಚ್ಚುಕಡಿಮೆ ಪ್ರತಿ ಮಾತಿನ ಕೊನೆಗೂ ಒಂದು ಚಿಕ್ಕ ಬಾಲ. ಲಾ, ಲೋ, ಆ, ವೋ, ಮೇ. ಜಗಳದಲ್ಲಿ ಒಂದು, ಬೇಡಿಕೊಳ್ಳುವಾಗ ಇನ್ನೊಂದು, ತಮಾಷೆಗೆ ಮತ್ತೊಂದು. ಇದೇನೆಂದು ಕಂಪನಿಗೆ ಬರೆದು ಕೇಳಿದೆ. ಹಾಂಗ್‌ಕಾಂಗ್ ಕಡೆಯ ಅವರ ಭಾಷಾ ಸಲಹೆಗಾರರಿಂದ ಉತ್ತರ ಬಂತು. ಅವಕ್ಕೆ ತಮ್ಮದೇ ಅರ್ಥವೇನಿಲ್ಲವಂತೆ. ಆಡುವವರು ಕೇಳುವವರ ಮುಂದೆ ಹೇಗೆ ನಿಂತಿದ್ದಾರೆ ಎಂಬುದನ್ನು ಅವು ಹೇಳುತ್ತವಂತೆ. ತಮ್ಮಲ್ಲಿ ಬರೆಯುವ ಭಾಷೆಯೇ ಬೇರೆ, ಬಾಯಲ್ಲಿ ಆಡುವುದೇ ಬೇರೆ, ಈ ಬಾಲಗಳು ಬಾಯಿಯದ್ದು ಎಂದೂ ಬರೆದಿದ್ದರು.

ಅದನ್ನು ಓದುತ್ತಿದ್ದಾಗ ಕೆಳಗಿನ ಬೀದಿಯಲ್ಲಿ ಹಣ್ಣಿನ ಗಾಡಿಯವಳೂ ಗಿರಾಕಿಯೂ ಚೌಕಾಸಿ ಮಾಡುತ್ತಿದ್ದರು. “ಛಲೋ ಅವ ತಗೋರಿ.” “ಹೌದೇನ?” “ಖರೇ ಅಂತೀನಿ.” “ನೋಡಬೇ, ಕೊಳತಿದ್ರ ವಾಪಸ್ ತರ್ತೇನಿ.” ಪ್ರತಿ ಮಾತಿಗೂ ಬಾಲ. ರಿ, ಏನ, ಬೇ, ನೋಡ್, ಅಂತೀನಿ. ನಾನು ಎರಡು ಮಾದರಿಗಳಲ್ಲೂ ಕಷ್ಟಪಟ್ಟು ಕಿತ್ತುಹಾಕಿದ್ದು ಇವುಗಳನ್ನೇ. ‘ಹೋಗುತ್ತೇನೆ’ ಎಂಬಲ್ಲಿ ‘ಹೋಗ್ತೇನಿ’ ಎಂದರೆ ಉಳಿಯುವ ಜಾಗದಲ್ಲಿ ಒಂದು ‘ರಿ’ ಆರಾಮಾಗಿ ಕೂರುತ್ತಿತ್ತು.

ಮರುದಿನ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ಮೂರನೆಯ ಮಾದರಿಯನ್ನು ನಮ್ಮ ಮಾತಿನಲ್ಲೇ ಮಾಡೋಣ. ನಾವು ಈ ಕೋಣೆಯಲ್ಲಿ ಚಹಾ ಕುಡಿಯುತ್ತಾ ಆಡುವ ಮಾತಿನಲ್ಲಿ.

ಅಂಗಡಿಯವರ ಮುಖ ಅರಳಿತು. ಭಾಯಿ ಗಡ್ಡ ಕೆರೆದುಕೊಂಡರು. ಟೀಚರ್ ಒಪ್ಪಲಿಲ್ಲ.

“ಮೇಡಂ, ಸಿಟ್ಟಿಗಿ ಬರಬ್ಯಾಡ್ರಿ. ನಮ್ಮ ಮಾತು ಸಿನಿಮಾದಾಗ ಯಾವಾಗ ಬರ್ತದ ಹೇಳ್ರಿ? ವಾಚ್‌ಮನ್ ಬಂದಾಗ, ಕುಡುಕ ಬಂದಾಗ. ಜನ ನಗಲಿ ಅಂತನೇ ಇಡ್ತಾರ. ಈಕಿ ಇಷ್ಟ ಛಂದ ಕೋಟ್ ಹಾಕ್ಕೊಂಡು, ಇಷ್ಟ ಎತ್ತರದ ಬಿಲ್ಡಿಂಗಿನ್ಯಾಗ ನಿಂತು ‘ಬರ್ತೇನ್ರಿ’ ಅಂದ್ರ ಯಾರರ ನಂಬ್ತಾರೇನು? ಪ್ರೀತಿ ಮಾತು ಹೇಳುವಾಗ ನಕ್ಕುಬಿಟ್ರ?”

“ನಗ್ತಾರ ಅಂತ ನಿಮಗ ಯಾಕ ಅನಸ್ತದ?” ಎಂದು ಕೇಳಿದೆ.

“ನಾ ಟ್ರೇನಿಂಗಿಗಿ ಬೆಂಗಳೂರಿಗಿ ಹೋದಾಗ ನಕ್ಕಾರ್ರಿ. ನಾ ಬರೇ ನೀರು ಕೇಳಿದ್ದೆ.”

ಅವರ ಭಯ ಸುಳ್ಳಲ್ಲ. ನಾನು ಬರೆದದ್ದಕ್ಕೆ ನಗು ಬಂದರೆ ಅದು ಹಾಳೆಗೆ ತಾಗುತ್ತದೆ, ಅವರಾದರೋ ತಮ್ಮ ಗಂಟಲನ್ನೇ ಮುಂದಿಡಬೇಕು. ಕೊನೆಗೆ ಭಾಯಿ ಹೇಳಿದರು: “ಟೀಚರ್, ಒಂದ್ ಕೆಲ್ಸ ಮಾಡಮ್ರಿ. ಒಂದ್ ಸೀನ್ ಮಾಡಿ ನೀವೇ ಕೇಳ್ರಿ. ನಿಮಗೇ ನಗು ಬಂದ್ರ ನಾ ಡಿಲೀಟ್ ಮಾಡ್ತೇನಿ. ಬೆಂಗಳೂರಿಗಿ ಹೋಗಂಗೇ ಇಲ್ಲ.”

ಆ ಮಾತಿಗೆ ಟೀಚರ್ ಒಪ್ಪಿಕೊಂಡರು.

ಮೊದಲು ಮಾಡಿದ್ದು ಲಿಫ್ಟ್ ಕೆಟ್ಟುನಿಲ್ಲುವ ದೃಶ್ಯ. ಅಲ್ಲಿ ಹೊಸ ತೊಡಕು ಎದ್ದಿತು. ಹುಡುಗಿ ಮೆಕ್ಯಾನಿಕ್‌ನನ್ನು ‘ನೀ’ ಎಂದು ಮಾತಾಡಿಸುವಂತೆ ಬರೆದಿದ್ದೆ. ಇಂಗ್ಲಿಷ್ ಹಾಳೆಯಲ್ಲಿ ನೀನು-ನೀವು ಭೇದವೇ ಇಲ್ಲವಲ್ಲ. ಟೀಚರ್ ಪ್ರತಿ ಸಲವೂ ತಮಗೆ ಗೊತ್ತಿಲ್ಲದೆ ‘ನೀವು’ ಅನ್ನುತ್ತಿದ್ದರು. ಪಕ್ಕದಲ್ಲೇ ಇನ್ನೊಂದು ಮೈಕಿನ ಮುಂದೆ ನಿಂತಿದ್ದ ಔರಾದದವರಿಗೆ ‘ಏ, ಜಲ್ದಿ ಬಾ’ ಎನ್ನಲು ಅವರ ನಾಲಗೆ ಏಳುತ್ತಿರಲಿಲ್ಲ. “ಜಲ್ದಿ ಬರ್ರಿ” ಎಂದೇ ಬರುತ್ತಿತ್ತು. ಇಬ್ಬರೂ ನಕ್ಕು, ಮತ್ತೆ ಶುರುಮಾಡಿ, ಮತ್ತೆ ಅದೇ.

ನಾಲ್ಕೈದು ಸಲ ಆದ ಮೇಲೆ ನಾನು ಯೋಚಿಸಿದೆ. ಗುರುತಿಲ್ಲದ ಮೆಕ್ಯಾನಿಕ್‌ಗೆ ಬೀದರಿನ ಯಾವ ಹುಡುಗಿ ಮೊದಲ ದಿನವೇ ‘ನೀ’ ಅನ್ನುತ್ತಾಳೆ? ಟೀಚರ ನಾಲಗೆ ಸರಿಯಾಗಿತ್ತು, ನನ್ನ ಹಾಳೆ ತಪ್ಪಾಗಿತ್ತು. ಮೂವರು ಸ್ನೇಹಿತರು ತಮ್ಮೊಳಗೆ ನೀ, ಬಾ, ಹೋಗು ಎಂದು ಬೈದಾಡಿಕೊಳ್ಳಲಿ, ಮೆಕ್ಯಾನಿಕ್‌ಗೆ ಮಾತ್ರ ಅವಳು ‘ರಿ’ ಹಚ್ಚಲಿ. ಜಗಳವಾಡುವಾಗಲೂ ‘ರಿ’, ಛತ್ರಿ ಕೊಡುವಾಗಲೂ ‘ರಿ’. ಹೋಟೆಲಿನ ಮೇಜಿನಲ್ಲಿ ಆ ಮಾತು ಹೇಳುವಾಗ ಒಂದೇ ಸಲ ‘ರಿ’ ಬಿದ್ದುಹೋಗಿ ‘ನೀ’ ಬರಲಿ.

ಇದನ್ನು ಹೇಳಿದಾಗ ಟೀಚರ್ ಸುಮ್ಮನೆ ತಲೆಯಾಡಿಸಿದರು. ಆದರೆ ಅಂದಿನಿಂದ ಅವರು ಹಾಳೆಯನ್ನು ಮನೆಗೆ ಒಯ್ಯತೊಡಗಿದರು.

ಉಳಿದದ್ದು ಆ ನಾಲ್ಕು ಅಕ್ಷರ. ಒಂದು ಮಧ್ಯಾಹ್ನ ಪೂರ್ತಿ ಅದರಲ್ಲೇ ಹೋಯಿತು. ನಾನು ‘ನೀ ನಂಗ ಬೇಕು’ ಎಂದೆ. ಟೀಚರ್ ಓದಿ ನೋಡಿ, “ಬಜಾರದಾಗ ಏನರ ಖರೀದಿ ಮಾಡ್ದಂಗ ಆಗ್ತದ್ರಿ,” ಎಂದರು. ಮೇಲಾಗಿ ನಡುವೆ ಒಂದು ‘ಬ’ ಬಂದು ತುಟಿ ಕೂಡುತ್ತಿತ್ತು. ‘ನಿನ್ನ ಮ್ಯಾಲ ಮನಸಾಗ್ಯದ’ ಎಂದೆ. ಅದು ಉದ್ದ. ಔರಾದದವರು, “ಇಂಗ್ಲಿಷಿನ್ಯಾಗೇ ಹೇಳಿಬಿಡ್ರಿ, ಎಲ್ಲಾ ಅದನ್ನೇ ಅಂತಾರ,” ಎಂದು ಸಲಹೆ ಕೊಟ್ಟರು. ಟೀಚರ್ ಕೇಳಿಸದವರಂತೆ ನೀರು ಕುಡಿದರು. ನಾನು ಇನ್ನೊಂದು ಹೇಳಿದೆ, ಮತ್ತೊಂದು ಹೇಳಿದೆ. ಭಾಯಿ ತುಂಡನ್ನು ಓಡಿಸುತ್ತಲೇ ಇದ್ದರು. ಹುಡುಗಿ ಚಮಚ ಕೆಳಗಿಡುತ್ತಲೇ ಇದ್ದಳು.

ಕೊನೆಗೆ ಟೀಚರಿಗೆ ತಾಳ್ಮೆ ಮೀರಿತು. ಹಾಳೆಯನ್ನು ಸ್ಟ್ಯಾಂಡಿನ ಮೇಲೆ ಬಡಿದಿಟ್ಟು, “ಮೇಡಂ, ಇದರಾಗ ಒಂದ್ ಮಾತೂ ನಂಗ ಸೇರಂಗಿಲ್ಲ ನೋಡ್ರಿ,” ಎಂದರು.

ನಾನು ಅವರ ಮುಖವನ್ನೇ ನೋಡಿದೆ. “ಇನ್ನೊಮ್ಮಿ ಅನ್ರಿ.”

“ತಪ್ಪಾತೇನ್ರಿ? ಸಿಟ್ಟಿನ್ಯಾಗ—”

“ಸಿಟ್ಟಲ್ರಿ. ಆ ಮಾತು ಅನ್ರಿ. ಸೇರಂಗಿಲ್ಲ.”

ನಮ್ಮ ಕಡೆ ಸೇರುವುದು ಎಂದರೆ ಇಷ್ಟವಾಗುವುದು. ಬದನೆಕಾಯಿ ಸೇರುತ್ತದೆ, ಸೇರುವುದಿಲ್ಲ. ಊರು ಸೇರುತ್ತದೆ. ನೋಡಲು ಬಂದ ಗಂಡೂ ಸೇರುತ್ತಾನೆ ಅಥವಾ ಇಲ್ಲ. ಹಾಂಗ್‌ಕಾಂಗ್ ಸಲಹೆಗಾರರು ಅದೇ ಉತ್ತರದ ಕೊನೆಗೆ ಬರೆದಿದ್ದು ನೆನಪಾಯಿತು. ಹುಡುಗಿ ಆಡುವ ಆ ಶಬ್ದವನ್ನು ಅಲ್ಲಿ ತಿಂಡಿಗೂ ಬಳಸುತ್ತಾರೆ, ಮನುಷ್ಯರಿಗೂ ಬಳಸುತ್ತಾರೆ, ದೊಡ್ಡ ಮಾತಲ್ಲ, ದಿನದ ಮಾತು ಎಂದಿದ್ದರು. ನಾನು ಹಾಳೆಯ ಅಂಚಿನಲ್ಲಿ ಬರೆದು ಟೀಚರಿಗೆ ತೋರಿಸಿದೆ. ‘ನಂಗ್ ನೀ ಸೇರ್ತಿ.’

ಅವರು ದನಿಯಿಲ್ಲದೆ ತುಟಿಯಲ್ಲೇ ಆಡಿ ನೋಡಿದರು. ನಾಲ್ಕು ಬಡಿತ. ತುಟಿ ಎಲ್ಲೂ ಕೂಡುವುದಿಲ್ಲ. ಕೊನೆಯಲ್ಲಿ ‘ತಿ’ ಎನ್ನುವಾಗ ಬಾಯಿ ಅಗಲವಾಗುತ್ತದೆ, ತೆರೆಯ ಮೇಲಿನ ಹುಡುಗಿಯದೂ ಹಾಗೇ. ಭಾಯಿಗೆ ಸನ್ನೆ ಮಾಡಿದರು. ಮೂರು ಬೀಪ್. ಟೀಚರ ಕಣ್ಣು ಪರದೆಯ ಮೇಲಿತ್ತು. ಹೇಳಿದರು.

ಯಾರೂ ನಗಲಿಲ್ಲ. ಔರಾದದವರು ಮೆಕ್ಯಾನಿಕ್‌ನ ಉತ್ತರ ಕೊಡಬೇಕಿತ್ತು. ಅವನು ಬಾಯಿ ತುಂಬ ಊಟ ಇಟ್ಟುಕೊಂಡು ‘ಆಂ?’ ಅನ್ನುತ್ತಾನೆ, ಕೇಳಿಸಿರುವುದಿಲ್ಲ. ಅಂಗಡಿಯವರು ಅದನ್ನೂ ಮರೆತು ನಿಂತಿದ್ದರು. ಗಾಜಿನ ಆಚೆ ಭಾಯಿ ಹೆಬ್ಬೆರಳು ಎತ್ತಿ, “ಟೀಚರ್, ಡಿಲೀಟ್ ಮಾಡ್ಲೇನ್ರಿ?” ಎಂದು ಕೇಳಿದರು.

“ಕೈ ಹಚ್ಚಬ್ಯಾಡ್ರಿ ಅದಕ್ಕ,” ಎಂದರು ಟೀಚರ್.

ಬೆಂಗಳೂರಿಗೆ ಕಳಿಸುವಾಗ ನಾನು ಸಂಯೋಜಕಿಗೆ ಒಂದೇ ಕೋರಿಕೆ ಇಟ್ಟೆ. ದಯವಿಟ್ಟು ಸಂಭಾಷಣೆಯ ಹಾಳೆ ಓದಬೇಡಿ, ಚಿತ್ರದ ಜತೆಗೇ ನೋಡಿ. ಅವರು ನೋಡಿ ಮಾಡಿದ ಮೊದಲ ಫೋನ್ ನನಗೆ ಸಮಾಧಾನ ತರಲಿಲ್ಲ. “ಮೇಡಂ, ಚೆನ್ನಾಗಿದೆ, ನಿಜ. ಆದ್ರೆ ಮೈಸೂರವ್ರಿಗೆ, ಮಂಗಳೂರವ್ರಿಗೆ ಅರ್ಥ ಆಗ್ಬೇಕಲ್ವಾ? ಮೇಲಿನವ್ರು ಕೇಳ್ತಾರೆ.”

“ನಿಮಗೆ ಯಾವ ಮಾತು ಅರ್ಥ ಆಗಲಿಲ್ಲ, ಹೇಳಿ,” ಎಂದೆ.

“ಒಂದೆರಡು ಶಬ್ದ ಗೊತ್ತಿರಲಿಲ್ಲ. ಆದ್ರೆ ಸೀನ್ ನೋಡ್ತಾ ತಿಳೀತು,” ಎಂದರು. ಆಮೇಲೆ ದನಿ ತಗ್ಗಿಸಿ, “ಆ ಹೋಟೆಲ್ ಸೀನನ್ನ ಆಫೀಸಲ್ಲಿ ಎಲ್ರೂ ಸೇರಿ ಎರಡು ಸಲ ನೋಡಿದ್ವಿ. ನಮ್ಮ ಒಬ್ಬ ಎಡಿಟರ್ ಬೆಳಿಗ್ಗೆಯಿಂದ ಎಲ್ಲಾದಕ್ಕೂ ‘ಸೇರ್ತಿ’ ಅಂತಿದಾನೆ,” ಎಂದು ನಕ್ಕರು. ಎರಡು ದಿನ ಕಾದ ಮೇಲೆ ಒಪ್ಪಿಗೆ ಬಂತು. ಮರಾಠಿ, ತೆಲುಗು, ಉರ್ದು ಶಬ್ದಗಳು ತೀರ ಹೆಚ್ಚಾಗಬಾರದು ಎಂಬ ಷರತ್ತು ಮಾತ್ರ ಹಾಕಿದ್ದರು. ಅದನ್ನು ನಾವು ಸುಲಭವಾಗಿ ಒಪ್ಪಿಕೊಂಡೆವು. ಭಾಯಿ ಚಿಂತೆಗೆ ತಾವು ಅನ್ನುವ ‘ಫಿಕರ್’ ಒಂದನ್ನು ಉಳಿಸಿಕೊಡಿ ಎಂದು ಬೇಡಿದರು. ಉಳಿಸಿಕೊಟ್ಟೆವು.

ಆಮೇಲಿನ ದಿನಗಳು ದುಡಿಮೆಯವು, ಆದರೆ ಹಗುರ. ಔರಾದದವರು ಈಗ ಗಂಟಲು ಸರಿಮಾಡಿಕೊಳ್ಳುತ್ತಿರಲಿಲ್ಲ. ಮೆಟ್ಟಿಲಿನ ಮೇಲೆ ಯಾರ ಜತೆಗೋ ಫೋನಿನಲ್ಲಿ ತೊಗರಿ ಬೀಜದ ಮಾತಾಡುತ್ತಾ ಬಂದವರು ಅದೇ ಉಸಿರಿನಲ್ಲಿ ಮೆಕ್ಯಾನಿಕ್ ಆಗಿಬಿಡುತ್ತಿದ್ದರು. ಮೇಜಿನ ಆಚೆಯ ಮುದುಕನ ಸಾಲನ್ನು ಭಾಯಿ ಒಂದೇ ಸಲಕ್ಕೆ ಮುಗಿಸಿದರು. ಮೆಕ್ಯಾನಿಕ್ ‘ಆಂ?’ ಎಂದಾಗ ಆ ಅಪರಿಚಿತ ಮುದುಕ ಊಟದ ಬಟ್ಟಲಿನಿಂದ ತಲೆಯೆತ್ತದೆ, ಹುಡುಗಿಯ ಪರವಾಗಿ ತಾನೇ ಉತ್ತರಿಸುತ್ತಾನೆ: “ಆಕಿಗಿ ನೀ ಸೇರ್ತಿ ಅಂತಪ್ಪಾ, ಕಿವಿ ಕೇಳಂಗಿಲ್ಲೇನು?” ಭಾಯಿ ಅದನ್ನು ಹೇಳುವಾಗ ನಿಜವಾಗಿಯೂ ಬಾಯಲ್ಲಿ ಬಿಸ್ಕತ್ ಇಟ್ಟುಕೊಂಡಿದ್ದರು. ನಮ್ಮ ನಗು ಮೈಕಿಗೆ ಸೇರದಿರಲೆಂದು ನಾನೂ ಟೀಚರೂ ಕೋಣೆಯಿಂದ ಹೊರಗೆ ಓಡಿದೆವು.

ಚಿತ್ರ ಬಿಡುಗಡೆಯಾದ ಮೊದಲ ಭಾನುವಾರ ಟೀಚರ್ ನಮ್ಮನ್ನೆಲ್ಲ ಭಾಲ್ಕಿಯ ತಮ್ಮ ಮನೆಗೆ ಊಟಕ್ಕೆ ಕರೆದರು. ಮಧ್ಯಾಹ್ನ ಟಿವಿಗೆ ಆ್ಯಪ್ ಹಚ್ಚಿ ಚಿತ್ರ ಹಾಕಿದರು. ಟೀಚರ ಗಂಡ, ಅತ್ತೆ, ಪಕ್ಕದ ಮನೆಯವರು, ಹೆಂಡತಿಯನ್ನು ಕರೆದುಕೊಂಡು ಬಂದಿದ್ದ ಔರಾದದವರು, ಭಾಯಿ, ನಾನು. ಟೀಚರ್ ಮಾತ್ರ ನಮ್ಮ ಜತೆ ಕೂರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಟಿವಿಯನ್ನು ಬಿಟ್ಟು ನೋಡುವವರ ಮುಖಗಳನ್ನೇ ನೋಡುತ್ತಿದ್ದರು.

ಮೊದಮೊದಲು ಎಲ್ಲರಿಗೂ ವಿಚಿತ್ರವೆನಿಸಿತು. ಆ ಮುಖಗಳಿಂದ ಈ ಮಾತು ಬರುವುದು ಕಂಡು ಪಕ್ಕದ ಮನೆಯಾಕೆ ಸೆರಗು ಬಾಯಿಗೆ ಹಿಡಿದಳು. ಸ್ವಲ್ಪ ಹೊತ್ತಿಗೆ ಅದು ಮರೆತುಹೋಯಿತು. ಮಿನಿಬಸ್ ಡ್ರೈವರ್ ತಾನು ಮೆಚ್ಚಿದ ಹುಡುಗಿಯ ಮನೆಗೆ ತಪ್ಪು ಹೂವು ಒಯ್ದಾಗ ನಕ್ಕರು, ಅವನು ಒಬ್ಬನೇ ಬಸ್ಸಿನಲ್ಲಿ ಕೂತಾಗ “ಅಯ್ಯ ಪಾಪ” ಎಂದರು. ಹೋಟೆಲಿನ ಮೇಜು ಬಂತು. ಟೀಚರ್ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು.

‘ನಂಗ್ ನೀ ಸೇರ್ತಿ.’

ಔರಾದದವರ ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ನಿಧಾನವಾಗಿ ನೆಲಕ್ಕಿಟ್ಟರು. ಆಮೇಲೆ ಮುದುಕ ಬಾಯಿ ಹಾಕಿದಾಗ ಎಲ್ಲರೂ ಒಟ್ಟಿಗೆ ನಕ್ಕರು, ಆ ನಗು ಬರಬೇಕಾದ ಜಾಗದಲ್ಲೇ ಬಂದಿತ್ತು. ನಾನು ತಿರುಗಿ ನೋಡಿದೆ. ಟೀಚರ್ ಚೌಕಟ್ಟು ಬಿಟ್ಟು ಒಳಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತಿದ್ದರು.

ಚಿತ್ರ ಮುಗಿದ ಮೇಲೆ ಅತ್ತೆಯವರು ಸೊಸೆಯನ್ನು ಕೇಳಿದರು: “ಈಕಿ ಯಾವ ಊರಾಕಿ?”

“ಹಾಂಗ್‌ಕಾಂಗಿನಾಕಿ ಅತ್ತಿ. ಚೀನಾದ ಕಡಿ.”

“ಅದು ಕಾಣಸ್ತದಲ್ಲ. ತವರಮನಿ ಯಾವ ಕಡಿ ಅಂತ ಕೇಳ್ದೆ. ನಮ್ಮ ತವರೂರ ಮೆಹಕರದಾಗ ಹಿಂಗೇ ಮಾತಾಡ್ತಾರ.”

ಟೀಚರ್ ನನ್ನ ಕಡೆ ಒಮ್ಮೆ ನೋಡಿದರು. “ಹೌದ್ರಿ ಅತ್ತಿ,” ಎಂದರು, “ಆ ಕಡಿಯಾಕಿನೇ.”

ಅತ್ತೆಯವರು ಒಪ್ಪಿ ತಲೆಯಾಡಿಸಿ, ಹುಡುಗ ಹೇಗೆ, ಮನೆತನ ಹೇಗೆ ಎಂದು ವಿಚಾರಿಸತೊಡಗಿದರು. ಉತ್ತರ ಕೊಟ್ಟದ್ದು ಔರಾದದವರು. ನೆಟ್ಟಗೆ ಕೂತು, ಅಂಗಿಯ ಕಾಲರ್ ಸರಿಮಾಡಿಕೊಂಡು ಹೇಳಿದರು: “ಹುಡುಗ ಭಾಳ ಛಲೋ ಇದ್ದಾನ್ರಿ ಆಯಿ. ಚಟ ಇಲ್ಲ. ಲಿಫ್ಟಿನ ಕೆಲಸ ಪರ್ಮನೆಂಟ್ ಅದ. ನೀವು ಹ್ಞೂಂ ಅನ್ರಿ.”